ಹಂಡೆಯ ಮೇಲೆ ಎಂಟು ಪಟ್ಟೆ

ನದಿ, ನೆರೆ, ಬರ ಎಂಬ ಮೂರನ್ನು ಅಭ್ಯಾಸ ಮಾಡುವುದು ನನ್ನ ಉದ್ಯೋಗ. ನಿವೃತ್ತಿಗೆ ಹೆಚ್ಚು ಕಾಲ ಉಳಿದಿಲ್ಲ. ಇಷ್ಟು ವರ್ಷಗಳಲ್ಲಿ ಒಂದು ನದಿಯೂ ನನ್ನ ಅಭಿಪ್ರಾಯ ಕೇಳಿ ಹರಿದಿಲ್ಲ. ಯಾವ ಬರವೂ ನನ್ನ ವರದಿ ಓದಿ ನಾಚಿಕೊಂಡು ಹಿಂದಿರುಗಿಲ್ಲ. ಹನುಮಂತನಗರದ ನಮ್ಮ ಬೀದಿಯಲ್ಲಿ ಮಾತ್ರ ನನಗೊಂದು ಸ್ಥಾನವಿದೆ. ಎದುರು ಮನೆಯವರು ಒಗೆದ ಬಟ್ಟೆ ಹರವುವ ಮೊದಲು ಕಾಂಪೌಂಡಿನಾಚೆಯಿಂದ ಕೇಳುತ್ತಾರೆ, "ಸಾರ್, ಇವತ್ತು ಮಳೆ ಬರುತ್ತಾ?" ನಾನು ಆಕಾಶವನ್ನು ಸಾಕಷ್ಟು ಹೊತ್ತು ನೋಡಿ, "ಹೇಳೋಕ್ಕಾಗಲ್ಲ" ಎನ್ನುತ್ತೇನೆ. ಅವರು ಅದನ್ನು ತಜ್ಞರ ಮಾತೆಂದು ಸ್ವೀಕರಿಸಿ ಬಟ್ಟೆಯನ್ನು ಒಳಗೇ ಹರವುತ್ತಾರೆ.

ನನ್ನ ವೃತ್ತಿಜೀವನದ ಕೊನೆಯ ಸಿದ್ಧಾಂತ ಹೇಗೆ ತೀರಿಕೊಂಡಿತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಸಿದ್ಧಾಂತ ಸರಳವಾಗಿತ್ತು. ಬಸವನಗುಡಿ, ಶಂಕರಪುರಂ, ಚಾಮರಾಜಪೇಟೆಯಂಥ ಹಳೆಯ ಬಡಾವಣೆಗಳ ಅಡಿಯಲ್ಲಿ ಕುಡಿಯುವ ನೀರಿನ ಹಳೆಯ ಕೊಳವೆಗಳಿವೆ. ಅವು ಸೋರುತ್ತವೆ. ಸೋರಿದ್ದು ನೆಲದೊಳಗೆ ಇಳಿಯುತ್ತದೆ. ಆದ್ದರಿಂದ ಊರಿಗೆ ಬರ ಬಂದಾಗಲೂ ಇಲ್ಲಿನ ಬಾವಿಗಳು ಬತ್ತಬಾರದು. ಈ ವಾದದ ಮೇಲೆ ನನಗೆ ವಿಶೇಷ ಮಮತೆಯಿತ್ತು. ಕೆಟ್ಟುಹೋದದ್ದೊಂದು ತನ್ನ ಕೆಟ್ಟತನದಿಂದಲೇ ಲೋಕಕ್ಕೆ ಉಪಕಾರ ಮಾಡುತ್ತಿದೆ ಎಂದು ತೋರಿಸುವ ಅವಕಾಶ ವಿಜ್ಞಾನಿಗೆ ಪದೇಪದೇ ಸಿಗುವುದಿಲ್ಲ.

ಅವಕಾಶವಿತ್ತು, ಪುರಾವೆ ಇರಲಿಲ್ಲ. ಒಂದೇ ಬಾವಿಯ ನೀರಿನ ಮಟ್ಟವನ್ನು ಯಾರಾದರೂ ವರ್ಷ ವರ್ಷವೂ, ಮಳೆಗಾಲ ಮುಗಿದ ಮೇಲೆ, ತಪ್ಪದೆ ನೋಡಿರಬೇಕಿತ್ತು. ಹಾಗೆ ನೋಡಿದವರನ್ನು ಹುಡುಕಿಕೊಂಡು ಎರಡು ವರ್ಷ ಈ ಬಡಾವಣೆಗಳ ಹಿತ್ತಲುಗಳನ್ನು ಸುತ್ತಿದೆ. ಬಾವಿಗಳಿದ್ದವು. ಕೆಲವಕ್ಕೆ ಕಬ್ಬಿಣದ ಜಾಲರಿ ಬಿದ್ದಿತ್ತು. ಕೆಲವು ಕಾರಿನ ಕೆಳಗಿದ್ದವು. ಒಂದರ ಮೇಲೆ ಬಟ್ಟೆ ಒಗೆಯುವ ಯಂತ್ರ ನಿಂತಿತ್ತು. ಮಟ್ಟ ನೋಡಿದವರು ಯಾರೂ ಇರಲಿಲ್ಲ. "ಬಾವಿ ಯಾಕ್ರೀ ನೋಡ್ಬೇಕು, ಬಾವಿ ಬಾವಿ ಥರಾನೇ ಇರುತ್ತೆ" ಎಂದರು ಒಬ್ಬರು.

ಶಂಕರಪುರದ ಆ ಮನೆಗೆ ಹೋದದ್ದು ಅಂಥ ಒಂದು ಬೆಳಿಗ್ಗೆ. ಎಪ್ಪತ್ತು ದಾಟಿದ ಗಂಡ ಹೆಂಡತಿ, ಮಗ, ಸೊಸೆ, ಮೊಮ್ಮಕ್ಕಳು, ಎಲ್ಲರೂ ಒಟ್ಟಿಗಿರುವ, ಸದ್ದು ತುಂಬಿದ ಮನೆ. ಯಜಮಾನರು ನಿವೃತ್ತ ಲೆಕ್ಕದ ಮೇಷ್ಟರು. ಮಾತು ಆಡುವವರು ಅಮ್ಮನವರು. ನನ್ನ ಕೈಯ ಅಳತೆಪಟ್ಟಿ ನೋಡಿ, "ಡಾಕ್ಟ್ರು ಅಂದ್ರಿ. ಯಾತರ ಡಾಕ್ಟ್ರು?" ಎಂದರು.

"ನೀರಿನದು ಅಮ್ಮಾ. ಬಾವಿ ನೋಡೋಕೆ ಬಂದೆ."

"ಬಾವಿ ಡಾಕ್ಟ್ರು ಅನ್ನಿ. ನೋಡಿ, ಜ್ವರ ಗಿರ ಏನಾದ್ರೂ ಇದ್ರೆ ಹೇಳಿ."

ಅಂದಿನಿಂದ ಆ ಮನೆಯಲ್ಲಿ ನಾನು ಬಾವಿ ಡಾಕ್ಟ್ರು.

ಬಾವಿ ಹಿತ್ತಲಲ್ಲಿತ್ತು. ಸಣ್ಣದು, ಐದಡಿ ಅಗಲ. ಒಳಗೋಡೆ ಪೂರ್ತಿ ಕಲ್ಲು, ಒಂದು ಸಾಲಿನ ಮೇಲೆ ಇನ್ನೊಂದು ಸಾಲು, ಸಾಲೊಂದು ಅಡಿಯಷ್ಟು ಎತ್ತರ. ಆ ಮನೆಯಲ್ಲಿ ಸಾಲಿಗೆ ವರಸೆ ಎನ್ನುತ್ತಾರೆ. ನಾನು ಬಗ್ಗಿ ನೋಡಿ, ಕತ್ತಲೆಯಲ್ಲಿ ಏನೂ ಕಾಣದೆ, ಚೀಲದಲ್ಲಿ ಟಾರ್ಚ್ ತಡಕುತ್ತಿದ್ದೆ. ಅಮ್ಮನವರು ಒಳಗಿನಿಂದ ಮುಖ ನೋಡುವ ಕನ್ನಡಿಯೊಂದನ್ನು ತಂದು, ಬಿಸಿಲಿಗೆ ಹಿಡಿದು, ಬೆಳಕನ್ನು ಬಾವಿಯೊಳಕ್ಕೆ ಬಿಟ್ಟರು. ಕಲ್ಲುಗಳೆಲ್ಲ ಎದ್ದು ಕಂಡವು. "ಹನ್ನೆರಡು ವರಸೆ ಒಣಗಿದೆ" ಎಂದರು, ನಾನು ಎಣಿಸಲು ಶುರುಮಾಡುವ ಮೊದಲೇ.

"ಅಭ್ಯಾಸ ಇದೆಯಲ್ಲ ನಿಮಗೆ" ಎಂದೆ.

"ವರ್ಷಕ್ಕೊಂದು ಸಲ ಎಣಿಸ್ಬೇಕಲ್ಲ. ನೀರು ತುಂಬೋ ಹಬ್ಬದ ದಿವಸ."

ನಾನು ಅಳತೆಪಟ್ಟಿಯನ್ನು ಕೆಳಗಿಟ್ಟೆ.

ದೀಪಾವಳಿಯ ಮೊದಲ ಸಂಜೆ ನೀರು ತುಂಬುವ ಹಬ್ಬ. ಬಚ್ಚಲಿನ ಹಂಡೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಎಳೆದು, ಕೊರಳಿಗೆ ಹಾಗಲಬಳ್ಳಿ ಸುತ್ತಿ, ಗಂಗೆಪೂಜೆ ಮಾಡಿ, ಮರುದಿನ ನಸುಕಿನ ಎಣ್ಣೆಸ್ನಾನಕ್ಕೆ ನೀರು ತುಂಬಿಡುವುದು ಎಲ್ಲರ ಮನೆಯ ಪದ್ಧತಿ. ಪಟ್ಟೆ ಎಷ್ಟು ಎಂದು ಯಾರೂ ಕೇಳುವುದಿಲ್ಲ. ಈ ಮನೆಯಲ್ಲಿ ಕೇಳುತ್ತಾರೆ. ಬಾವಿಯಲ್ಲಿ ನೀರಿನ ಮೇಲೆ ಎಷ್ಟು ವರಸೆ ಒಣಗಿದೆಯೋ ಹಂಡೆಯ ಮೇಲೆ ಅಷ್ಟೇ ಪಟ್ಟೆ. ಹಂಡೆ ಒಲೆಗೆ ಕೂತದ್ದು, ಹಿಂಬದಿ ಗೋಡೆಗೆ. ಹಾಗಾಗಿ ಎಲ್ಲವೂ ಮುಂಭಾಗದಲ್ಲೇ, ಬೆರಳಗಲದ ಅಡ್ಡಪಟ್ಟೆಗಳು, ಒಂದು ಬಿಳಿ ಒಂದು ಕೆಂಪು, ಏಣಿಯ ಹಾಗೆ. "ಗಂಗಮ್ಮ ಅಷ್ಟು ಕೆಳಗಿದಾಳೆ, ಅಷ್ಟು ಮೆಟ್ಟಿಲು ಹತ್ತಿ ಬರಲಿ ಅಂತ" ಎಂದರು ಅಮ್ಮನವರು. "ನಮ್ಮತ್ತೆ ಹೇಳಿಕೊಟ್ಟಿದ್ದು. ಅವರಿಗೆ ಅವರತ್ತೆ."

ಇನ್ನೊಂದು ವಿಶೇಷವೆಂದರೆ ಮೇಷ್ಟರಿಗೆ ಕ್ಯಾಮೆರಾ ಹುಚ್ಚು. ಪ್ರತಿ ವರ್ಷ ಆ ಸಂಜೆ ಪೂಜೆ ಮುಗಿದ ಮೇಲೆ ಇಡೀ ಸಂಸಾರವನ್ನು ಹಂಡೆಯ ಪಕ್ಕ ನಿಲ್ಲಿಸಿ ಒಂದು ಫೋಟೋ. ಬಚ್ಚಲಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುವ ಕುಟುಂಬ ದಕ್ಷಿಣ ಬೆಂಗಳೂರಿನಲ್ಲಿ ಇದೊಂದೇ ಇರಬೇಕು. ಆಲ್ಬಮ್ ಬಂತು. ಕಪ್ಪು ಬಿಳುಪು, ಆಮೇಲೆ ಬಣ್ಣ, ಆಮೇಲೆ ಫೋನಿನಿಂದ ಮುದ್ರಿಸಿದ್ದು. ಪ್ರತಿಯೊಂದರ ಹಿಂದೆ ಮೇಷ್ಟರ ಅಕ್ಷರದಲ್ಲಿ ಸಂವತ್ಸರದ ಹೆಸರು. ಜನ ಹುಟ್ಟುತ್ತಾರೆ, ಉದ್ದವಾಗುತ್ತಾರೆ, ಕನ್ನಡಕ ಹಾಕುತ್ತಾರೆ, ಕೆಲವರು ಚಿತ್ರದಿಂದ ಇಲ್ಲವಾಗುತ್ತಾರೆ. ಹಂಡೆ ಅಲ್ಲೇ ಇರುತ್ತದೆ. ಅದರ ಹೊಟ್ಟೆಯ ಮೇಲೆ ಒಂಬತ್ತು ಪಟ್ಟೆ, ಹನ್ನೊಂದು ಪಟ್ಟೆ, ಏಳು, ಹದಿನಾಲ್ಕು.

ಸರ್ಕಾರಿ ಕಡತಗಳಲ್ಲಿ ಸಿಗದ ದಾಖಲೆ ಈ ಬಚ್ಚಲಲ್ಲಿತ್ತು. ಮೂರು ತಲೆಮಾರಿನ ಹೆಂಗಸರು ಈ ನೆಲದ ನಾಡಿ ಹಿಡಿದು ಕೂತಿದ್ದರು, ತಾವು ಹಬ್ಬ ಮಾಡುತ್ತಿದ್ದೇವೆಂದುಕೊಂಡು. ನಾನು ಭೂತಗನ್ನಡಿ ಹಿಡಿದು ಪಟ್ಟೆ ಎಣಿಸುತ್ತಾ ಹೋದೆ. ಸೊಸೆ ತಂದಿಟ್ಟ ಕಾಫಿಯ ಮೇಲೆ ಕೆನೆ ಕಟ್ಟಿತು.

ಮಳೆ ಚೆನ್ನಾಗಿ ಬಂದ ವರ್ಷ ಪಟ್ಟೆ ಕಡಿಮೆ, ಕಡಿಮೆ ಬಂದ ವರ್ಷ ಹೆಚ್ಚು. ನಮ್ಮ ಕಚೇರಿಯ ಮಳೆ ಲೆಕ್ಕಕ್ಕೆ ಹೋಲಿಸಿದಾಗ ಪಟ್ಟೆಗಳು ಹೆಜ್ಜೆಗೆ ಹೆಜ್ಜೆ ಹಾಕಿದವು. ಒಂದು ವರ್ಷ ಮಾತ್ರ ಬಿಟ್ಟು. ಅದು ಇಪ್ಪತ್ತು ಚಿಲ್ಲರೆ ವರ್ಷದ ಹಿಂದಿನ ಒಂದು ಬರ, ಆಲ್ಬಮ್ಮಿನ ವರ್ಷಗಳಲ್ಲೆಲ್ಲ ಅತಿ ದೊಡ್ಡದು. ಬೇರೆಲ್ಲ ಕಡೆ ನೀರು ಪಾತಾಳಕ್ಕೆ ಇಳಿದಿತ್ತು. ಆ ಫೋಟೋದಲ್ಲಿ ರೇಷ್ಮೆ ಸೀರೆ, ಜರಿ ಪಂಚೆ, ನಡುವೆ ಹೊಸ ಮದುಮಕ್ಕಳು, ಪಕ್ಕದಲ್ಲಿ ಹಂಡೆ. ಹಂಡೆಯ ಮೇಲೆ ಎಂಟು ಪಟ್ಟೆ. ಎಂಟೆಂದರೆ ಬಾವಿ ತುಂಬಿದ ಹಾಗೆ.

ನನ್ನ ಸಿದ್ಧಾಂತಕ್ಕೆ ಪುರಾವೆ ಸಿಕ್ಕಿತ್ತು. ಬರದ ನಡುವೆ ತುಂಬಿದ ಬಾವಿ. ಕೊಳವೆಯ ಸೋರಿಕೆಯಲ್ಲದೆ ಮತ್ತೇನು. ಹಾಗೆಂದು ನಲವತ್ತು ಪುಟ ಬರೆದೆ. ನನ್ನ ನಿವೃತ್ತಿಯ ಮುಂಚಿನ ಉಪನ್ಯಾಸಕ್ಕೆ ಅದೇ ವಿಷಯವೆಂದು ನಿಶ್ಚಯವಾಯಿತು. ಊರಿನ ಜಲಶಾಸ್ತ್ರದವರೆಲ್ಲ ಬರುವ ಸಭೆ. ಇಷ್ಟು ವರ್ಷ ಇನ್ನೊಬ್ಬರ ಸಿದ್ಧಾಂತಗಳಿಗೆ ದಶಮಾಂಶ ಜೋಡಿಸಿದವನು ನಾನು. ಸ್ವಂತದ್ದೆಂದು ಹೇಳಿಕೊಳ್ಳಲು ಇದ್ದದ್ದು ಇದೊಂದೇ. ಅದು ನಿಂತಿದ್ದದ್ದು ಆ ಎಂಟು ಪಟ್ಟೆಗಳ ಮೇಲೆ.

ಸಭೆಗೆ ಮೂರು ದಿನ ಮುಂಚೆ, ಫೋಟೋವನ್ನು ತೆರೆಯ ಮೇಲೆ ತೋರಿಸಲು ಒಪ್ಪಿಗೆ ಕೇಳೋಣವೆಂದು ಆ ಮನೆಗೆ ಹೋದೆ. ಅಮ್ಮನವರು ಹುರುಳಿಕಾಯಿ ಸೋಸುತ್ತಿದ್ದರು. ಮೇಷ್ಟರು ಪದಬಂಧ ತುಂಬುತ್ತಿದ್ದರು. ಫೋಟೋ ಮುಂದಿಟ್ಟು, ಸಿದ್ಧಾಂತವನ್ನು ಆದಷ್ಟು ಸರಳವಾಗಿ, ಆದಷ್ಟು ಹೆಮ್ಮೆಯಿಂದ ವಿವರಿಸಿದೆ.

ಅಮ್ಮನವರ ಕೈ ನಿಂತಿತು. "ಈ ಫೋಟೋನೇ ಬೇಕಾ? ಬೇರೆ ವರ್ಷದ್ದು ತಗೊಳ್ಳಿ. ಇದರಲ್ಲಿ ನಾನು ಕಣ್ಣು ಮುಚ್ಚಿದೀನಿ."

"ಇದೇ ಬೇಕಮ್ಮಾ. ಎಲ್ಲಾ ಇದರ ಮೇಲೇ ನಿಂತಿದೆ."

ಅವರು ಗಂಡನ ಮುಖ ನೋಡಿದರು. ಮೇಷ್ಟರು ಪದಬಂಧದಿಂದ ತಲೆ ಎತ್ತಲಿಲ್ಲ. "ಹೇಳ್ಬಿಡು ಇವಳೇ" ಎಂದರು. "ಆ ಮನುಷ್ಯ ಸಭೇಲಿ ಹೋಗಿ ಬೀಳ್ತಾರೆ."

ಅಮ್ಮನವರು ಸೊಸೆ ಮಹಡಿಯ ಮೇಲಿದ್ದಾಳೆಂದು ಖಾತ್ರಿ ಮಾಡಿಕೊಂಡು, ಮೊರವನ್ನು ಪಕ್ಕಕ್ಕೆ ಸರಿಸಿದರು.

"ಅದು ಮಗಳ ಮದುವೆ ಆದ ವರ್ಷ. ಅಳಿಯಂದಿರ ಮೊದಲ್ನೇ ದೀಪಾವಳಿ. ಬೀಗರೂ ಬರ್ತೀವಿ ಅಂದಿದ್ರು. ಬಾವಿ ನೋಡಿದ್ರೆ ತಳ ಕಾಣ್ತಿದೆ, ಮೊಣಕಾಲುದ್ದ ನೀರು. ಹದಿನೇಳು ವರಸೆ ಒಣಗಿತ್ತು. ನಲ್ಲಿ ನೀರು ಇತ್ತು ಅನ್ನಿ. ಆದ್ರೆ ಬೀಗಿತ್ತಿ ಪೂಜೆಗೆ ಅಂತ ಬಾವಿ ಹತ್ರ ಬಂದು ಬಗ್ಗಿ ನೋಡಿದ್ರೆ? ಇವರ ಮನೆ ಗಂಗೆ ಬತ್ತಿದೆ, ಇಂಥ ಮನೆಯಿಂದ ಹೆಣ್ಣು ತಂದ್ವಿ ಅಂತ ಅಂದ್ಕೊಂಡ್ರೆ?"

"ಅದಕ್ಕೆ?"

"ಟ್ಯಾಂಕರ್ ತರಿಸಿ ಬಾವಿಗೆ ಹುಯ್ಸಿದ್ವಿ."

ಮೇಷ್ಟರು ಮೆಲ್ಲಗೆ ಹೇಳಿದರು, "ಮಧ್ಯಾಹ್ನ ಮೂರು ಗಂಟೆಗೆ. ಪಕ್ಕದ ಓಣೀಲಿ ಪೈಪ್ ಎಳೆದು. ಟ್ಯಾಂಕರಿನವನು ಎರಡು ಸಲ ಕೇಳ್ದ, ಸಾರ್ ಸಂಪ್ ಎಲ್ಲಿ ಅಂತ. ಬಾವಿಗೇ ಬಿಡಪ್ಪಾ ಅಂದೆ. ನನ್ನ ಮುಖ ನೋಡಿ, ಬಿಟ್ಟ."

ಜಲಶಾಸ್ತ್ರದಲ್ಲಿ ಬಾವಿಯ ನೀರು ಏರುವುದಕ್ಕೆ ಅನೇಕ ಕಾರಣಗಳನ್ನು ಹೇಳಿದ್ದಾರೆ. ಅಳಿಯನನ್ನು ಯಾರೂ ಸೇರಿಸಿಲ್ಲ. ನಲವತ್ತು ಪುಟ ಒಂದೊಂದಾಗಿ ಮುಳುಗುವುದು ನನಗೆ ಕಾಣುತ್ತಿತ್ತು. ಕೊನೆಗೆ ಒಂದು ಪ್ರಶ್ನೆ ಉಳಿಯಿತು, ಅದನ್ನು ಕೇಳಿದೆ. "ಅಮ್ಮಾ, ಅಷ್ಟೆಲ್ಲಾ ಕಷ್ಟ ಯಾಕೆ? ಹಂಡೆ ಮೇಲೆ ಎಂಟೇ ಪಟ್ಟೆ ಎಳೆದು ಬಾವಿ ಮೇಲೆ ಒಂದು ಮುಚ್ಚಳ ಹಾಕಿದ್ರೆ ಆಗ್ತಿತ್ತಲ್ಲ?"

ಅವರು ನನ್ನನ್ನು ನೋಡಿದ ರೀತಿ ನನಗೆ ಇನ್ನೂ ನೆನಪಿದೆ.

"ಸುಳ್ಳು ಪಟ್ಟೆ ಎಳೆಯೋದಾ? ಹಬ್ಬದ ದಿವಸ? ಗಂಗೆ ಮುಂದೆ?" ಅವರ ಧ್ವನಿ ಏರಲಿಲ್ಲ. "ನೀರು ತರಿಸಿದ್ದು ಮರ್ಯಾದೆಗೆ. ಪಟ್ಟೆ ಬೇರೆ ವಿಷಯ. ನೀರು ಹುಯ್ಸಿ ಆದ್ಮೇಲೆ ಕನ್ನಡಿ ಹಿಡಿದು ಎಣಿಸ್ದೆ. ಎಂಟಿತ್ತು. ಎಂಟು ಎಳೆದೆ."

"ಆಮೇಲೂ ಎಣಿಸಿದ್ಳು" ಎಂದರು ಮೇಷ್ಟರು.

"ಎಣಿಸ್ದೇ ಇರಕ್ಕಾಗುತ್ತಾ? ಪ್ರಾಣ ಕೈಲಿ ಹಿಡ್ಕೊಂಡಿದ್ದೆ. ಬೆಳಿಗ್ಗೆ ಅಳಿಯಂದಿರ ಎಣ್ಣೆಸ್ನಾನಕ್ಕೆ ನೀರು ಸೇದೋಕೆ ಹೋದ್ರೆ ಹಗ್ಗ ಇನ್ನೂ ಬೇಕು ಅಂತಿದೆ. ಟಾರ್ಚ್ ಬಿಟ್ಟು ನೋಡಿದ್ರೆ ಹನ್ನೊಂದು. ಸಂಜೆ ದೀಪ ಹಚ್ಚೋ ಹೊತ್ತಿಗೆ ಹದಿಮೂರು. ಮಾರನೇ ಬೆಳಿಗ್ಗೆ ಬೀಗರ ಸ್ನಾನಕ್ಕೆ ಹದಿನಾಲ್ಕು. ಆ ಸಂಜೆ ಹದಿನೈದು. ಭೂಮಿ ಕುಡೀತಾ ಇದೆ, ಬೀಗರು ಇನ್ನೂ ಹೊರಡ್ತಾ ಇಲ್ಲ. ಒಂದೊಂದ್ಸಲ ಇಳಿದಾಗ್ಲೂ ಒಂದೊಂದು ಪಟ್ಟೆ ಕೆಳಗೆ ಸೇರಿಸ್ತಾ ಹೋದೆ. ಬೀಗಿತ್ತಿ ಕೇಳಿದ್ರು, ಇದೇನು ನಿಮ್ಮಲ್ಲಿ ಹಂಡೆ ಮೇಲಿನ ಪಟ್ಟೆ ದಿನಾ ಬೆಳೆಯುತ್ತಲ್ಲ ಅಂತ. ಪದ್ಧತಿ ಅಂದೆ."

ಆಲ್ಬಮ್ಮಿನ ಕೊನೆಯಲ್ಲಿ ಒಂದು ಲಕೋಟೆ ಇತ್ತು. ಅದರಲ್ಲಿ ಸಂವತ್ಸರ ಬರೆಯದ ಹಲವು ಫೋಟೋಗಳು. ಮೊದಲ ಸಲವೇ ನೋಡಿ, ಪಟ್ಟೆಯ ಲೆಕ್ಕ ಒಂದಕ್ಕೊಂದು ಹೊಂದುವುದಿಲ್ಲವೆಂದು, ನನ್ನ ಪುಸ್ತಕದಲ್ಲಿ 'ನಂಬಲು ಯೋಗ್ಯವಲ್ಲ' ಎಂದು ಷರಾ ಬರೆದು ಪಕ್ಕಕ್ಕಿಟ್ಟಿದ್ದೆ. ಈಗ ತೆಗೆದು ನೋಡಿದೆ. ಅದೇ ಮದುಮಗ, ತಲೆಗೆ ಎಣ್ಣೆ ಮೆತ್ತಿಕೊಂಡು, ಹನ್ನೊಂದು ಪಟ್ಟೆಯ ಮುಂದೆ. ಅದೇ ಮದುಮಗಳು, ಸಂಜೆಯ ಹೂವು ಮುಡಿದು, ಹದಿಮೂರು ಪಟ್ಟೆಯ ಪಕ್ಕ. ಅಳಿಯನ ಮೊದಲ ಹಬ್ಬವೆಂದು ಮೇಷ್ಟರು ಹೊತ್ತು ಹೊತ್ತಿಗೂ ಕ್ಯಾಮೆರಾ ಎತ್ತಿದ್ದರು.

ಬಾವಿಗೆ ಒಮ್ಮೆಲೇ ನೀರು ಸುರಿದು, ಅದು ಯಾವ ವೇಗದಲ್ಲಿ ಇಳಿಯುತ್ತದೆಂದು ಅಳೆಯುವುದು ನಮ್ಮ ಕಸುಬಿನಲ್ಲಿ ಗೌರವದ ಪರೀಕ್ಷೆ. ನೆಲ ಎಷ್ಟು ನೀರನ್ನು ತನ್ನ ಮೂಲಕ ಬಿಡುತ್ತದೆಂದು ಅದರಿಂದ ತಿಳಿಯುತ್ತದೆ. ಅದಕ್ಕೆ ಅರ್ಜಿ ಬೇಕು, ಅನುಮತಿ ಬೇಕು, ಉಪಕರಣ ಬೇಕು, ಉಪಕರಣ ಕೆಟ್ಟಾಗ ಬರೆಯಲು ಇನ್ನೊಂದು ಅರ್ಜಿ ಬೇಕು. ಇಲ್ಲಿ ಒಂದು ಬರಗಾಲದ ನಟ್ಟನಡುವೆ, ಅಳತೆ ಗೊತ್ತಿರುವ ಒಂದು ಟ್ಯಾಂಕರ್ ನೀರು ಸುರಿದು, ಎರಡು ಹಗಲು ಎರಡು ರಾತ್ರಿ, ಹನ್ನೆರಡು ಗಂಟೆಗೊಮ್ಮೆ ಮಟ್ಟ ನೋಡಿದ್ದಾರೆ. ಛಾಯಾಚಿತ್ರ ಸಹಿತ. ಭಯದಿಂದ.

ಮನೆಗೆ ಬಂದು ಗ್ರಾಫ್ ಕಾಗದ ತೆಗೆದೆ. ಮೂಲ ನೀರಿಗಿಂತ ಎಷ್ಟು ವರಸೆ ಮೇಲಿತ್ತು ಎಂದು ಬರೆದುಕೊಂಡೆ: ಮೊದಲು ಒಂಬತ್ತು, ಆಮೇಲೆ ಆರು, ನಾಲ್ಕು, ಮೂರು, ಎರಡು. ನೆಲ ನೀರನ್ನು ಹೇಗೆಂದರೆ ಹಾಗೆ ಕುಡಿಯುವುದಿಲ್ಲ. ಪ್ರತಿ ಸಲವೂ ಉಳಿದದ್ದರಲ್ಲಿ ಅದೇ ಪಾಲನ್ನು ತೆಗೆದುಕೊಳ್ಳುತ್ತದೆ. ಇಲ್ಲಿ ಅರ್ಧ ದಿನಕ್ಕೆ ಸುಮಾರು ಮೂರರಲ್ಲೊಂದು. ಅಂಥ ಇಳಿತವನ್ನು ನೇರ ಗೆರೆಯಾಗಿ ತೋರಿಸುವ ಒಂದು ಬಗೆಯ ಕಾಗದವಿದೆ. ಪೆನ್ಸಿಲಿನಲ್ಲಿ ಐದು ಚುಕ್ಕೆ ಇಟ್ಟು, ಪಟ್ಟಿ ಹಿಡಿದೆ. ಐದೂ ಚುಕ್ಕೆ ಪಟ್ಟಿಯ ಅಂಚಿಗೆ ಬಂದು ನಿಂತವು.

ನನ್ನ ಕೆಲಸದಲ್ಲಿ ಚುಕ್ಕೆಗಳು ಹಾಗೆ ನಿಲ್ಲುವುದಿಲ್ಲ. ಶಾಲೆ ಬಿಟ್ಟ ಮಕ್ಕಳಂತೆ ಚೆದುರುತ್ತವೆ. ಅವುಗಳ ನಡುವೆ ಎಲ್ಲೋ ಒಂದು ಗೆರೆ ಇದೆಯೆಂದು ನಾವು ವಾದಿಸುತ್ತೇವೆ. ಇವು ನಿಂತವು. ಆ ಮೂರು ದಿನ ಮೇಲುಗಡೆ ಪಟಾಕಿ, ಒಬ್ಬಟ್ಟು, ಬೀಗರ ಉಪಚಾರ, ಒಬ್ಬ ತಾಯಿಯ ಎದೆಬಡಿತ. ಕೆಳಗಡೆ ಕಲ್ಲು ಮಣ್ಣು ಯಾವ ಗಡಿಬಿಡಿಯೂ ಇಲ್ಲದೆ ತನ್ನ ಪಾಲನ್ನು ಎಣಿಸಿ ತೆಗೆದುಕೊಳ್ಳುತ್ತಿತ್ತು. ಎರಡರ ನಡುವೆ ಒಂದು ಕನ್ನಡಿ, ಒಂದು ಸುಣ್ಣದ ಬೆರಳು. ಕಾಗದದ ಮುಂದೆ ಬಹಳ ಹೊತ್ತು ಕುಳಿತಿದ್ದೆ. ಊಟಕ್ಕೆ ಕರೆದ ಹೆಂಡತಿ ಬಂದು ನೋಡಿ, "ಯಾರಾದ್ರೂ ಹೋದ್ರಾ?" ಎಂದು ಕೇಳಿದಳು.

"ಸಿದ್ಧಾಂತ ಹೋಯ್ತು" ಎಂದೆ.

"ಅದಕ್ಕೆ ಇಷ್ಟು ಸಂತೋಷವಾಗಿದೀರಾ?"

ಆಗ ಒಂದು ಯೋಚನೆ ಬರಲಿಲ್ಲವೆಂದರೆ ಸುಳ್ಳಾಗುತ್ತದೆ. ಟ್ಯಾಂಕರಿನವನನ್ನು ಬಿಟ್ಟರೆ ಈ ವಿಷಯ ಗೊತ್ತಿದ್ದವರು ಲೋಕದಲ್ಲಿ ಮೂವರು. ಎಂಟು ಪಟ್ಟೆಯ ಫೋಟೋ ಒಂದನ್ನೇ ತೋರಿಸಿದರೆ ಸಿದ್ಧಾಂತ ಬದುಕುತ್ತದೆ. ನಾನು ಹಾರ ಹಾಕಿಸಿಕೊಂಡು ನಿವೃತ್ತನಾಗಬಹುದು. ಆದರೆ ಬೀಗರ ಕಣ್ಣಿಗೆ ಮಣ್ಣೆರಚಲು ಟ್ಯಾಂಕರ್ ತರಿಸಿದಾಕೆಯೂ ಪಟ್ಟೆಯ ವಿಷಯದಲ್ಲಿ ಒಂದು ಬೆರಳು ತಪ್ಪಿರಲಿಲ್ಲ. ನಲವತ್ತು ಪುಟವನ್ನು ಕಪಾಟಿನ ಮೇಲೆ ಹಾಕಿದೆ.

ಮರುದಿನ ಅಮ್ಮನವರಿಗೆ ಫೋನು ಮಾಡಿ, ಎಲ್ಲವನ್ನೂ ಹೇಳುವುದಾದರೆ ಟ್ಯಾಂಕರನ್ನೂ ಹೇಳಬೇಕಾಗುತ್ತದೆ, ಹೆಸರು ಹೇಳುವುದಿಲ್ಲ, ಆದರೂ ನಿಮ್ಮ ಒಪ್ಪಿಗೆ ಬೇಕು ಎಂದೆ.

"ಸಂಜೆ ಹೇಳ್ತೀನಿ" ಎಂದರು.

ಸಂಜೆ ಅವರೇ ಮಾಡಿದರು. "ಅಳಿಯಂದಿರಿಗೆ ನಾನೇ ಹೇಳ್ಬಿಟ್ಟೆ. ಯಾರೋ ಸಭೇಲಿ ಕೇಳ್ಕೊಂಡು ಬಂದು ಅವರಿಗೆ ಹೇಳೋದಕ್ಕಿಂತ ವಾಸಿ ಅಲ್ವಾ."

"ಏನಂದ್ರು?"

"ನನ್ನೊಬ್ಬನಿಗೋಸ್ಕರ ಒಂದು ಟ್ಯಾಂಕರ್ ಪೂರ್ತಿ ತರಿಸಿದ್ರಾ ಅತ್ತೆ ಅಂದ್ರು. ಹೌದು ಅಂದೆ. ಈಗ ಮಗಳು ಫೋನ್ ಮಾಡಿ ಬೈತಿದಾಳೆ, ಮಧ್ಯಾಹ್ನದಿಂದ ಮನೇಲಿ ಅವರನ್ನ ಹಿಡಿಯೋಕ್ಕಾಗ್ತಿಲ್ವಂತೆ, ಕಾಫಿ ಕೈಗೇ ತಂದ್ಕೊಡು ಅಂತಿದಾರಂತೆ."

ಸಭೆ ನಡೆಯಿತು. ಕೊಳವೆ ಸೋರುವುದು ನಿಜವಿರಬಹುದು, ಬರದಲ್ಲಿ ಬಾವಿಯನ್ನು ಕಾಯುತ್ತದೆ ಎಂಬುದಕ್ಕೆ ನನ್ನಲ್ಲಿ ಪುರಾವೆ ಇಲ್ಲ ಎಂದು ಮೊದಲ ವಾಕ್ಯದಲ್ಲೇ ಒಪ್ಪಿಕೊಂಡು, ಐದು ಫೋಟೋ, ಐದು ಚುಕ್ಕೆ, ಒಂದು ಗೆರೆಯನ್ನು ತೋರಿಸಿದೆ. ಹಿಂದಿನ ಸಾಲಿನ ಹಿರಿಯರೊಬ್ಬರು, ಜೀವಮಾನವೆಲ್ಲ ಬಾವಿ ಪರೀಕ್ಷೆಗಳನ್ನೇ ಮಾಡಿದವರು, ಎದ್ದು ಮುಂದೆ ಬಂದು, ತೆರೆಯ ಹತ್ತಿರ ನಿಂತು, ಕನ್ನಡಕ ತೆಗೆದು ನೋಡಿದರು. "ಈ ಪರೀಕ್ಷೆ ಯೋಜಿಸಿದವರು ಯಾರು?" ಎಂದರು.

"ಒಬ್ಬ ಅತ್ತೆ" ಎಂದೆ.

ಅವರು ನಗಲಿಲ್ಲ. ತಲೆಯಾಡಿಸಿ, ಮತ್ತೆ ಗೆರೆಯನ್ನೇ ನೋಡುತ್ತಾ ನಿಂತರು.

ವರದಿ ಒಪ್ಪಿಸಲು ಭಾನುವಾರ ಶಂಕರಪುರಕ್ಕೆ ಹೋದೆ. ಅಮ್ಮನವರು ಎಲ್ಲ ಕೇಳಿ, ತಮ್ಮ ಹೆಸರು ಬರಲಿಲ್ಲವೆಂದು ಸಮಾಧಾನಪಟ್ಟು, ಸ್ವಲ್ಪ ಬೇಸರವನ್ನೂ ಪಟ್ಟು, ಆಮೇಲೆ ಕೇಳಿದರು, "ಅಲ್ಲಾ ಡಾಕ್ಟ್ರೇ, ಅಷ್ಟು ನೀರು ಎಲ್ಲಿಗೆ ಹೋಯ್ತು?"

ನೆಲದೊಳಗೆ ನೀರು ನಿಲ್ಲುವುದಿಲ್ಲ ಎಂದೆ. ತಗ್ಗಿನ ಕಡೆಗೆ, ಕಣಿವೆಯ ನದಿಯ ಕಡೆಗೆ ಹೊರಟಿರುತ್ತದೆ. ಆದರೆ ಕಲ್ಲಿನ ಪುಡಿಯ ಸಂದಿಗಳಲ್ಲಿ ನುಸುಳಿ ಹೋಗಬೇಕು. ವರ್ಷಕ್ಕೆ ಒಂದು ಕೋಣೆಯಷ್ಟು ದೂರ ಹೋದರೆ ಹೆಚ್ಚು.

ಮೇಷ್ಟರು ಪದಬಂಧದ ಅಂಚಿನಲ್ಲಿ ಗುಣಿಸಿ ನೋಡಿದರು. "ಹಾಗಾದ್ರೆ ಇನ್ನೂ ಇದೇ ಬೀದೀಲಿದೆ" ಎಂದರು.

ನಾನು ಲೆಕ್ಕ ನೋಡಿದೆ. ಅವರು ಹೇಳಿದ್ದು ಸರಿ. ಮದುಮಗನ ತಲೆ ಬೋಳಾಗಿದೆ, ಅವನ ಮಗಳು ಕಾಲೇಜಿಗೆ ಹೋಗುತ್ತಾಳೆ. ಅವನಿಗಾಗಿ ತರಿಸಿದ ನೀರು ಹಿತ್ತಲಿನಿಂದ ಹೊರಟು, ಮನೆಯ ಕೆಳಗೆ ಹಾದು, ರಸ್ತೆ ದಾಟಿ, ಎದುರು ಸಾಲಿನ ಮನೆಗಳ ಅಡಿಯಲ್ಲಿ ಎಲ್ಲೋ ಕತ್ತಲಲ್ಲಿ, ನಾವು ಮೂವರು ಕಾಫಿ ಕುಡಿಯುವ ಹೊತ್ತಿನಲ್ಲಿ ಒಂದು ಕೂದಲೆಳೆಯಷ್ಟು ಮುಂದೆ ಸರಿಯುತ್ತಿತ್ತು. ನದಿ ಇನ್ನೂ ಬಹಳ ದೂರ. ಅದು ತಲುಪುವ ಹೊತ್ತಿಗೆ ಆ ಫೋಟೋದಲ್ಲಿದ್ದವರು ಯಾರೂ ಇರುವುದಿಲ್ಲ.

ಅಮ್ಮನವರು ಎದ್ದು ಬಾಗಿಲಿಗೆ ಹೋಗಿ ಎದುರು ಮನೆಯನ್ನು ಸ್ವಲ್ಪ ಹೊತ್ತು ನೋಡಿದರು. ಅಲ್ಲಿ ಕಾರು ತೊಳೆಯುತ್ತಿದ್ದರು.

"ಅವರು ಹೋದ ವರ್ಷ ಬಾವಿ ಮುಚ್ಚಿಸ್ಬಿಟ್ರು. ನಾನು ಬೇಡ ಅಂದಿದ್ದೆ. ಈಗ ನೋಡಿ, ನಮ್ಮ ಅಳಿಯಂದಿರ ನೀರು ಬಾಗಿಲವರೆಗೆ ಹೋಗಿದೆ, ಸೇದೋರಿಲ್ಲ."